ಮರದ ದೋಣಿಗೆ ಮರುಗುವವರಿಗೆ

ಕರಾವಳಿ ಸಂಸ್ಕೃತಿಯ ಬಗ್ಗೆ ನಡೆಯುವ ಯಾವ ವಿಚಾರ ಸಂಕಿರಣಕ್ಕಾದರೂ ಹೋಗಿ, ಮಧ್ಯಾಹ್ನದ ಊಟಕ್ಕೆ ಮೊದಲು ಒಬ್ಬರಾದರೂ ಮರದ ದೋಣಿಯನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ. ಮಾವಿನ ದಿಮ್ಮಿ ಕೊರೆದ ಪಾತಿ, ಹೆಬ್ಬಲಸಿನ ಹಲಗೆ, ತೆಂಗಿನ ನಾರಿನ ಹೊಲಿಗೆ, ಮೀನೆಣ್ಣೆಯ ಮತ್ತು ಗೇರೆಣ್ಣೆಯ ವಾಸನೆ, ರಾಂಪಣಿ ಬಲೆ ಎಳೆಯುವಾಗಿನ ಹಾಡು. ಆಮೇಲೆ ‘ಫೈಬರ್ ಬಂತು’ ಎಂಬ ಎರಡು ಪದಗಳಲ್ಲಿ ಕಥೆ ಮುಗಿಯುತ್ತದೆ. ಮರ ಅಂದರೆ ಜೀವ, ಫೈಬರ್ ಅಂದರೆ ಪ್ಲಾಸ್ಟಿಕ್. ಮರದ ದೋಣಿ ಕಟ್ಟುವವನು ಶಿಲ್ಪಿ, ಫೈಬರ್ ದೋಣಿಗೆ ತೇಪೆ ಹಾಕುವವನು ಕೂಲಿ. ಸಭೆ ತಲೆದೂಗುತ್ತದೆ.

ಈ ತಲೆದೂಗುವಿಕೆಯ ಮೇಲೆ ನನಗೆ ತಕರಾರಿದೆ. ಇವತ್ತು ನಮ್ಮ ಕರಾವಳಿಯಲ್ಲಿ ದೋಣಿಗೆ ಸಂಬಂಧಪಟ್ಟ ಜೀವಂತ ಕಸುಬು ಯಾವುದು ಎಂದರೆ ಹಳೆಯ ಫೈಬರ್ ದೋಣಿಯನ್ನು ಕಡಿಮೆ ಖರ್ಚಿನಲ್ಲಿ ಮತ್ತೆ ನೀರಿಗಿಳಿಸುವುದು. ಅದಕ್ಕೆ ಕಣ್ಣು, ಕಿವಿ, ಕೈ, ಲೆಕ್ಕ ಎಲ್ಲವೂ ಬೇಕು. ಸಾಹಿತ್ಯ ಓದಿದ ನಾವು ಅದನ್ನು ನೋಡಲಿಲ್ಲ. ಯಾಕೆಂದರೆ ಅದರಲ್ಲಿ ಹಾಡಿಲ್ಲ.

ಎರಡು ಬೇಸಗೆ ನಾನು ಗಂಗೊಳ್ಳಿಯ ಹೊಳೆಬದಿಯಲ್ಲಿ ಓಡಾಡಿದ್ದೇನೆ. ಪಂಚಗಂಗಾವಳಿ ಸಮುದ್ರ ಸೇರುವ ಜಾಗ ಅದು. ಅಲ್ಲಿ ಅಣ್ಣತಮ್ಮಂದಿರಿಬ್ಬರು ಕೊಂಡ ದೋಣಿಯೊಂದರ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಕೂತು ನೋಡಿದೆ. ಆಗಲೇ ಇಬ್ಬರ ಕೈ ದಾಟಿ ಬಂದ ದೋಣಿ. ಮೇಲೆ ಹೊಸ ನೀಲಿ ಬಣ್ಣ ಹೊಳೆಯುತ್ತಿತ್ತು. ದುರಸ್ತಿಗೆ ಬಂದಿದ್ದ ಹಿರಿಯರು ಅದನ್ನು ನೋಡಿ ನಕ್ಕು, ‘ಮದ್ವೆ ಹೆಣ್ಣಿನ್ ಕಣೆಂಗೆ ಮಾಡಿರ್’ ಎಂದರು. ಹಳೆಯ ದೋಣಿಗೆ ಹೊಸ ಬಣ್ಣವಿದ್ದರೆ ಅನುಮಾನ ಪಡಬೇಕು ಎಂಬುದು ಮೊದಲ ಪಾಠ. ಬಣ್ಣ ಎಲ್ಲಕ್ಕಿಂತ ಅಗ್ಗದ ರಿಪೇರಿ. ಅದು ಮುಚ್ಚಿಡುತ್ತದೆ ಅಷ್ಟೆ.

ಆಮೇಲೆ ಅವರು ಸಣ್ಣ ಸುತ್ತಿಗೆಯ ಹಿಡಿಯಿಂದ ದೋಣಿಯ ಮೈಯನ್ನು ಗೇಣು ಗೇಣಿಗೆ ಬಡಿಯುತ್ತಾ ಹೋದರು. ಗಟ್ಟಿ ಇರುವ ಕಡೆ ಸದ್ದು ಟಣ್ಣನೆ ಬರುತ್ತದೆ. ಒಳಗೆ ಪದರ ಬಿಟ್ಟಿದ್ದರೆ, ನೀರು ಕುಡಿದಿದ್ದರೆ, ಡಬ್ಬೆನ್ನುತ್ತದೆ. ಡಬ್ಬೆಂದ ಕಡೆಯೆಲ್ಲ ಸೀಮೆಸುಣ್ಣದ ಗೆರೆ. ಅರ್ಧ ಗಂಟೆಯಲ್ಲಿ ದೋಣಿಯ ಮೇಲೊಂದು ಭೂಪಟ ಮೂಡಿತ್ತು. ಗೆರೆಗಳು ದಟ್ಟವಾಗಿ ಸೇರಿದ್ದು ಹಿಂಬದಿಯ ಗೋಡೆಯಲ್ಲಿ, ಅಂದರೆ ಎಂಜಿನ್ ತೂಗುಹಾಕುವ ಜಾಗದಲ್ಲಿ. ಇದು ಈ ಒಂದು ದೋಣಿಯ ಕಥೆಯಲ್ಲ. ಔಟ್‌ಬೋರ್ಡ್ ಎಂಜಿನ್ ಇರುವ ಹಳೆಯ ಫೈಬರ್ ದೋಣಿ ಜಗತ್ತಿನ ಯಾವ ದಂಡೆಯಲ್ಲಿದ್ದರೂ ಸಾಮಾನ್ಯವಾಗಿ ಕೆಡುವುದು ಅಲ್ಲೇ. ಆ ಗೋಡೆಯ ಹೊಟ್ಟೆಯಲ್ಲಿ ಪ್ಲೈವುಡ್ ಇರುತ್ತದೆ. ಎಂಜಿನ್ನಿನ ಬೋಲ್ಟಿಗೋ ಯಾವುದೋ ಕೊಕ್ಕೆಗೋ ಕೊರೆದ ತೂತನ್ನು ಸರಿಯಾಗಿ ಮುಚ್ಚದಿದ್ದರೆ ನೀರು ಒಳಗಿಳಿಯುತ್ತದೆ. ಫೈಬರ್ ಕೊಳೆಯುವುದಿಲ್ಲ, ಒಳಗಿನ ಮರ ಕೊಳೆಯುತ್ತದೆ. ಕತ್ತರಿಸಿ ತೆಗೆದಾಗ ಅದು ನೆನೆಸಿಟ್ಟ ಅವಲಕ್ಕಿಯಂತೆ ಬೆರಳಿಗೆ ಬಂತು. ಮರದ ದೋಣಿಗೆ ಮರುಗುವವರು ಗಮನಿಸಬೇಕು: ಪ್ಲಾಸ್ಟಿಕ್ ಎಂದು ನೀವು ಜರೆಯುವ ದೋಣಿ ಸಾಯುವುದು ತನ್ನೊಳಗಿನ ಮರದಿಂದ.

ಇಲ್ಲಿಂದ ಮುಂದೆ ಕಡಿಮೆ ಖರ್ಚು ಎನ್ನುವುದರ ನಿಜವಾದ ಅರ್ಥ ತಿಳಿಯುತ್ತದೆ. ದುಡ್ಡು ಬಂದದ್ದು ಸಂಘದ ಸಾಲದಿಂದ, ಮನೆಯ ಬಂಗಾರ ಅಡವಿಟ್ಟು. ಎಲ್ಲದಕ್ಕೂ ಸಾಲುವಷ್ಟಿರಲಿಲ್ಲ. ಹಿರಿಯರು ಕೂತು ಲೆಕ್ಕ ಹಾಕಿದರು. ಒಳಗಿನ ಬಣ್ಣ ಬೇಡ. ಕೂರುವ ಹಲಗೆ ಹಳೆಯದೇ ಸಾಕು. ಅಂಚಿಗೆ ಬೇರೆ ಕಡೆ ಬಿಚ್ಚಿದ ಮರ ನಡೆಯುತ್ತದೆ. ಮೈಮೇಲಿನ ಗೀರುಗಳು ಹಾಗೇ ಇರಲಿ. ಆದರೆ ಹಿಂಬದಿಯ ಗೋಡೆಗೆ ಮೆರೈನ್ ಪ್ಲೈವುಡ್ಡೇ ಬೇಕು, ಬೋಲ್ಟು ಸ್ಟೀಲಿನದೇ ಬೇಕು, ರೆಸಿನ್ ಸಾಮಾನ್ಯದ್ದಲ್ಲ, ನೀರು ತಡೆಯುವ ಐಸೋ ರೆಸಿನ್ ಬೇಕು. ತಮ್ಮ ಚೌಕಾಸಿಗಿಳಿದ: ‘ಅಣ್ಣಯ್ಯ, ಸಾದಾ ಪ್ಲೈವುಡ್ ಹಾಕಿರೆ ಆತಿಲ್ಯಾ?’ ಹಿರಿಯರು ಉತ್ತರ ಕೊಡದೆ ಸಮುದ್ರದ ಕಡೆ ಕೈ ತೋರಿಸಿದರು.

ಆ ಕೈ ತೋರಿಸಿದ್ದು ಎತ್ತ ಎಂದು ಊರಾಚೆಯವರಿಗೆ ಹೇಳಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿಹಾಕಿಕೊಂಡಿರುತ್ತವೆ. ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ಅವಕಾಶ. ಅಂದರೆ ಸಣ್ಣವರ ದುಡಿಮೆಯ ಕಾಲ ಮಳೆಗಾಲ, ಸಮುದ್ರ ಅತ್ಯಂತ ಕೆಟ್ಟಿರುವ ಕಾಲ. ಅಳಿವೆ ಬಾಗಿಲಲ್ಲಿ ಅಲೆ ಎದ್ದಾಗ ಹಿಂಬದಿಯ ಗೋಡೆ ಸೀಳಿ ಎಂಜಿನ್ ಕಳಚಿದರೆ ದೋಣಿ ಅಡ್ಡ ತಿರುಗುತ್ತದೆ. ಆಮೇಲೆ ಹೇಳಲು ಹೆಚ್ಚೇನೂ ಉಳಿಯುವುದಿಲ್ಲ. ಪ್ಲೈವುಡ್ಡಿನಲ್ಲಿ ಉಳಿಸಿದ ದುಡ್ಡಿನ ಇನ್ನೊಂದು ತುದಿ ಇದು. ನಾಲ್ಕು ಸಾಲಿನ ಆ ಲೆಕ್ಕದಲ್ಲಿ ಯಾವುದು ತೋರಿಕೆ, ಯಾವುದು ಪ್ರಾಣ ಎಂಬ ವಿವೇಚನೆ ಇದೆ. ನಮ್ಮ ಎಷ್ಟೋ ಪ್ರಬಂಧಗಳಲ್ಲಿ ಇಲ್ಲದ ವಿವೇಚನೆ ಅದು (ನನ್ನವೂ ಸೇರಿ).

ಕೆಲಸದ ಬಗ್ಗೆ ಒಂದಿಷ್ಟು ಹೇಳಲೇಬೇಕು. ಏಕೆಂದರೆ ‘ತೇಪೆ’ ಎಂದು ತಳ್ಳಿಹಾಕುವವರು ಒಮ್ಮೆಯೂ ಕೂತು ನೋಡಿದಂತಿಲ್ಲ. ಒಡೆದ ಜಾಗಕ್ಕೆ ನೇರವಾಗಿ ಮ್ಯಾಟ್ ಅಂಟಿಸಿದರೆ ಅದು ಒಂದು ಮಳೆಗಾಲವೂ ಬಾಳುವುದು ಕಷ್ಟ. ಹಳೆಯ ಫೈಬರಿಗೆ ಹೊಸದು ಒಂದೇ ಮೈಯಾಗಿ ಬೆಸೆಯುವುದಿಲ್ಲ, ಕಚ್ಚಿ ಹಿಡಿಯುತ್ತದೆ ಅಷ್ಟೆ. ಆದ್ದರಿಂದ ಮೊದಲು ಒಣಗಿಸಬೇಕು, ವಾರಗಟ್ಟಲೆ. ಆಮೇಲೆ ಒಡಕಿನ ಅಂಚನ್ನು ಇಳಿಜಾರಾಗಿ ಉಜ್ಜಬೇಕು, ಗೋಡೆಯ ದಪ್ಪದ ಸುಮಾರು ಹನ್ನೆರಡು ಪಟ್ಟು ಉದ್ದಕ್ಕೆ. ಅರ್ಧ ಇಂಚು ದಪ್ಪಕ್ಕೆ ಅರ್ಧ ಅಡಿ ಇಳಿಜಾರು. ಒಂದು ಬೊಗಸೆಯಷ್ಟಿರುವ ತೂತು ಉಜ್ಜಿ ಮುಗಿಸುವಾಗ ಪರಾತವಾಗುತ್ತದೆ. ನೋಡುವವರಿಗೆ ದೋಣಿ ಹಾಳು ಮಾಡುತ್ತಿದ್ದಾರೆ ಅನ್ನಿಸುತ್ತದೆ.

ರೆಸಿನ್ನಿಗೆ ಹಾರ್ಡನರ್ ಹಾಕುವುದು ನೂರಕ್ಕೆ ಒಂದರಿಂದ ಎರಡು ಪಾಲು. ಆ ಒಂದಕ್ಕೂ ಎರಡಕ್ಕೂ ನಡುವೆ ಹವಾಮಾನವೇ ಇದೆ. ವೈಶಾಖದ ಬಿಸಿಲಿಗೆ ಕಡಿಮೆ, ಮೋಡ ಕವಿದರೆ ಸ್ವಲ್ಪ ಜಾಸ್ತಿ. ಬೆರೆಸಿದ ಮೇಲೆ ಕೈಯಲ್ಲಿರುವುದು ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಹಿರಿಯರು ಹುಡುಗರಿಗೆ ಹೇಳುತ್ತಿದ್ದ ಮಾತು: ‘ಮ್ಯಾಟಿಗ್ ರೆಸಿನ್ ಕುಡ್ಸ್ಕ್, ಮೀಸುಕಾಗ.’ ಕುಡಿಸಬೇಕು, ಮೀಯಿಸಬಾರದು. ರೆಸಿನ್ ಜಾಸ್ತಿಯಾದರೆ ಗಟ್ಟಿಯಾಗುವುದಿಲ್ಲ, ಪೆಡಸಾಗುತ್ತದೆ. ಬಲ ಇರುವುದು ಗಾಜಿನ ಎಳೆಯಲ್ಲಿ. ಇಂಗ್ಲಿಷ್ ಕೈಪಿಡಿಗಳು ರೆಸಿನ್ನಿಗೂ ಗಾಜಿಗೂ ತೂಕದ ಅನುಪಾತ ಹೇಳಿ ಪುಟ ತುಂಬಿಸುವ ವಿಷಯ ಇದು. ಕುಂದಾಪ್ರ ಕನ್ನಡದಲ್ಲಿ ನಾಲ್ಕು ಪದ ಸಾಕಾಯಿತು.

ಆದರೆ ನೋಡಿ, ನಮ್ಮ ವಿಭಾಗದ ಗ್ರಂಥಾಲಯದಲ್ಲಿ ‘ದೋಣಿ’ ಎಂದು ಹುಡುಕಿದರೆ ಸಿಗುವವೆಲ್ಲ ದೋಣಿ ಹಾಡುಗಳ ಸಂಗ್ರಹಗಳು. ತಕಳಿಯವರ ‘ಚೆಮ್ಮೀನ್’ (1956) ಕಾದಂಬರಿಯನ್ನೇ ತೆಗೆದುಕೊಳ್ಳಿ. ಕಡಲಮ್ಮ, ಪಾತಿವ್ರತ್ಯ, ಶಾಪ ಇವುಗಳ ಬಗ್ಗೆ ನಾವು ತರಗತಿಗಳಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವೆ. ಆ ಕಾದಂಬರಿಯ ಎಂಜಿನ್ ಇರುವುದು ಚೆಂಬನ್‌ಕುಂಞುವಿಗೆ ಒಂದು ದೋಣಿ ಮತ್ತು ಬಲೆ ಬೇಕು, ಕೈಯಲ್ಲಿ ದುಡ್ಡಿಲ್ಲ ಎಂಬಲ್ಲಿ. ಅವನು ಪರೀಕುಟ್ಟಿಯ ಸಾಲದಿಂದ ಕೊಳ್ಳುವುದೂ ಇನ್ನೊಬ್ಬರ ದೋಣಿಯನ್ನೇ. ಸೆಕೆಂಡ್ ಹ್ಯಾಂಡ್ ದೋಣಿಯ ಸಾಲ ಒಂದು ಮಹಾ ಕಾದಂಬರಿಯನ್ನು ನಡೆಸಬಲ್ಲದು ಎಂದು ತಕಳಿಗೆ ಗೊತ್ತಿತ್ತು. ಅವರನ್ನು ಪಾಠ ಮಾಡುವ ನಮಗೆ ಅದು ಕಣ್ಣಿಗೆ ಬೀಳುವುದಿಲ್ಲ.

ತತ್ತ್ವಶಾಸ್ತ್ರದ ಗೆಳೆಯರು ಥೀಸಿಯಸ್‌ನ ಹಡಗಿನ ಪ್ರಶ್ನೆ ಎತ್ತುತ್ತಾರೆ. ಒಂದೊಂದೇ ಹಲಗೆ ಬದಲಾಯಿಸುತ್ತಾ ಹೋದರೆ ಅದು ಅದೇ ಹಡಗೇ ಎಂಬುದು ಪ್ಲುಟಾರ್ಕ್ ದಾಖಲಿಸಿದ ವಾದ. ಒಳ್ಳೆಯ ಪ್ರಶ್ನೆ, ಆದರೆ ಅದು ಮರದ ಪ್ರಶ್ನೆ. ಫೈಬರಿನಲ್ಲಿ ಹಲಗೆಯೇ ಇಲ್ಲ, ಮೈ ಎಲ್ಲ ಒಂದೇ ಚಿಪ್ಪು. ಇಲ್ಲಿ ಹಳೆಯದನ್ನು ಉಜ್ಜಿ, ಅದರ ಮೇಲೆಯೇ ಹೊಸ ಪದರ ಕೂರಿಸುತ್ತಾರೆ. ಹಳೆಯದು ಒಳಗೆ ಉಳಿಯುತ್ತದೆ. ನಾನಿದನ್ನು ಅಣ್ಣನ ಹತ್ತಿರ ಕೇಳಿಯೂ ನೋಡಿದೆ, ಇದು ಅದೇ ದೋಣಿಯಾ ಎಂದು. ಮೈಮೇಲಿನ ನೋಂದಣಿ ನಂಬರು ಅದೇ, ಸಾಲವೂ ಅದೇ, ಮತ್ತೆ ದೋಣಿ ಬೇರೆ ಹೇಗಾಗುತ್ತದೆ ಎಂದ.

ಪರಿಸರದ ಹೆಸರಿನಲ್ಲಿ ಬರುವ ಆಕ್ಷೇಪವನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಗಟ್ಟಿಯಾದ ಈ ರೆಸಿನ್ ಮತ್ತೆ ಕರಗುವುದಿಲ್ಲ, ಕೊಳೆಯುವುದಿಲ್ಲ. ಸುಟ್ಟರೆ ವಿಷದ ಹೊಗೆ. ಹೊಳೆಬದಿಯ ಪೊದೆಗಳಲ್ಲಿ ಬೋರಲು ಬಿದ್ದ ಫೈಬರ್ ದೋಣಿಗಳನ್ನು ನೀವೂ ನೋಡಿರುತ್ತೀರಿ. ‘ಮರಳಿ ಮಣ್ಣಿಗೆ’ ಎಂಬ ಮಾತು ಅವಕ್ಕೆ ಅನ್ವಯಿಸುವುದಿಲ್ಲ. ಸರಿ. ಹಾಗಿದ್ದರೆ ಪರಿಸರವಾದಿ ಮೊದಲು ಕೇಳಬೇಕಾದ್ದು ರಿಪೇರಿಯನ್ನಲ್ಲವೇ? ಇನ್ನೂ ಹತ್ತು ವರ್ಷ ಓಡಬಲ್ಲ ಚಿಪ್ಪನ್ನು ಪೊದೆಗೆ ಎಸೆದು ಹೊಸದೊಂದನ್ನು ಅಚ್ಚಿನಿಂದ ತೆಗೆಯುವುದು ಯಾವ ಪರಿಸರ ಪ್ರೇಮ? ಮರಕ್ಕೆ ಹಿಂದಿರುಗಿ ಎನ್ನುವವರು ಅಷ್ಟು ಸುತ್ತಳತೆಯ ಮಾವು ಯಾರ ತೋಟದಲ್ಲಿದೆ, ಹೆಬ್ಬಲಸು ಕಡಿಯಲು ಯಾವ ಕಾಡಿದೆ ಎಂದೂ ಹೇಳಬೇಕು.

ಸರಕಾರದ ಭಾಷೆಯೂ ಬೇರೆಯಲ್ಲ. 2020ರಲ್ಲಿ ಬಂದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಂಪ್ರದಾಯಿಕ ಮೀನುಗಾರರ ದೋಣಿಗೆ ಸಹಾಯಧನವಿದೆ: ಸಾಮಾನ್ಯ ವರ್ಗಕ್ಕೆ ನೂರಕ್ಕೆ 40, ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ 60. ಒಳ್ಳೆಯದೇ. ಆದರೆ ಅಲ್ಲಿನ ಪದ ‘ಬದಲಿ ದೋಣಿ’. ಹಳೆಯದರ ಜಾಗಕ್ಕೆ ಹೊಸದು. 2004ರ ಸುನಾಮಿಯ ನಂತರ ತಮಿಳುನಾಡಿನ ದಂಡೆಯಲ್ಲಿ ಇದೇ ಉದಾರತೆ ನಡೆಯಿತು. ಕಟ್ಟುಮರಗಳ ಜಾಗಕ್ಕೆ ಫೈಬರ್ ದೋಣಿಗಳು ಸಾಲುಸಾಲಾಗಿ ಬಂದವು, ಅವಸರದಲ್ಲಿ ಕಟ್ಟಿದ ಎಷ್ಟೋ ದೋಣಿಗಳ ಗುಣಮಟ್ಟ ಕಳಪೆಯಾಗಿತ್ತು. ಹೊಸದು ಕೊಟ್ಟರೆ ಫೋಟೋ ಬರುತ್ತದೆ; ಕೊಳೆತ ಪ್ಲೈವುಡ್ ಬದಲಾಯಿಸಿದರೆ ಯಾರು ರಿಬ್ಬನ್ ಕತ್ತರಿಸುತ್ತಾರೆ?

ಕಸುಬನ್ನು ಕಸುಬೆಂದು ಕರೆಯದೆ ಹೋದರೆ ಅದರ ಬೆಲೆಯನ್ನು ಮೈ ತೆರುತ್ತದೆ. ಉಜ್ಜುವಾಗ ಏಳುವ ಗಾಜಿನ ಧೂಳು ಚರ್ಮಕ್ಕೆ ಚುಚ್ಚುತ್ತದೆ, ಶ್ವಾಸಕ್ಕೂ ಹೋಗುತ್ತದೆ. ಹಾರ್ಡನರಿನ ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕೋಬಾಲ್ಟನ್ನೂ ಹಾರ್ಡನರನ್ನೂ ನೇರ ಬೆರೆಸಿದರೆ ಸ್ಫೋಟ. ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿದ ಮೇಲಷ್ಟೇ ಇನ್ನೊಂದು. ನಾನು ನೋಡಿದ ಹುಡುಗರು ಮುಖಕ್ಕೆ ಕಟ್ಟಿಕೊಂಡಿದ್ದು ಒಂದು ಕರವಸ್ತ್ರ. ಕನ್ನಡಕ ಇರಲಿಲ್ಲ. ಆಹಾರ ಮತ್ತು ಕೃಷಿ ಸಂಸ್ಥೆಯವರು ಸಣ್ಣ ಫೈಬರ್ ದೋಣಿ ಕಟ್ಟುವ ಬಗ್ಗೆ ಚಿತ್ರಸಮೇತ ಇಂಗ್ಲಿಷ್ ಕೈಪಿಡಿಗಳನ್ನು ಮಾಡಿದ್ದಾರೆ. ಅಂಥದ್ದೊಂದನ್ನು ಹಿರಿಯರಿಂದ ಕೇಳಿ, ‘ಕುಡ್ಸ್ಕ್, ಮೀಸುಕಾಗ’ ಎಂಬ ಅವರ ಮಾತಿನಲ್ಲೇ ಕನ್ನಡದಲ್ಲಿ ಬರೆಯುವುದು ಜಾನಪದ ವಿಭಾಗಗಳ ಕೆಲಸವಲ್ಲ ಎಂದು ಯಾರು ತೀರ್ಮಾನಿಸಿದರು? ಮ್ಯಾಟ್, ರೋವಿಂಗ್, ಹಾರ್ಡನರ್ ಇವು ಇಂಗ್ಲಿಷ್ ಪದಗಳು, ಜನಪದವಲ್ಲ ಎಂದು ನನಗೊಬ್ಬರು ಹಿರಿಯ ವಿದ್ವಾಂಸರು ಹೇಳಿದರು. ಮೇಜು, ಕುರ್ಚಿ, ಸಾಬೂನು ಎಲ್ಲಿಂದ ಬಂದವು ಎಂದು ಅವರಿಗೆ ನಾನು ಹೇಳಬೇಕಿಲ್ಲ.

ನೋಡಬೇಕೆನ್ನುವವರು ಏಪ್ರಿಲಿನಲ್ಲಿ ಹೋಗಿ, ಬೆಳಗ್ಗೆ ಆರಕ್ಕೆ ಅಲ್ಲಿರಿ. ಹತ್ತು ಗಂಟೆಯ ಬಿಸಿಲಿಗೆ ರೆಸಿನ್ ಬಕೆಟ್ಟಿನಲ್ಲೇ ಗಟ್ಟಿಯಾಗುವುದರಿಂದ ಅಷ್ಟೊತ್ತಿಗೆ ಕೆಲಸ ನಿಂತು, ಎಲ್ಲರೂ ಚಾಕ್ಕೆ ಹೋಗಿರುತ್ತಾರೆ.