ಕೆಸರಿನ ಪಂಕ್ತಿಭೋಜನ

ಹಕ್ಕಿ ನೋಡುವುದಕ್ಕೂ ಹಣ ತೆರುವವರುಂಟೆ ಎಂದು ನಮ್ಮ ಹಿರಿಯರು ಕೇಳಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇರುತ್ತಿರಲಿಲ್ಲ. ತುಳಸಿಕಟ್ಟೆಯ ಮೇಲೆ ಕೂಡುವ ಗುಬ್ಬಿಗೆ ಯಾರೂ ಟಿಕೆಟು ಕೊಂಡವರಲ್ಲ. ಆದರೂ ಮಾಘಮಾಸದ ಒಂದು ಬೆಳಗ್ಗೆ ನಾವು ಏಳು ಮಂದಿ, ಪಕ್ಷಿಗಳನ್ನು ಬಲ್ಲ ತರುಣನೊಬ್ಬನನ್ನು ಮುಂದಿಟ್ಟುಕೊಂಡು, ಕುಮಟಾದ ಸಮೀಪ ಅಘನಾಶಿನಿಯ ಅಳಿವೆಯಲ್ಲಿ ದೋಣಿಯೇರಿದೆವು.

ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರು ಧುಮುಕಿ, ಎಲ್ಲಿಯೂ ಅಣೆಕಟ್ಟಿನ ಕಟ್ಟುಪಾಡಿಗೆ ಒಳಗಾಗದೆ ಈ ನದಿ ತದಡಿಯ ಬಳಿ ಕಡಲನ್ನು ಸೇರುತ್ತದೆ. 2024ರಲ್ಲಿ ಇದಕ್ಕೆ ರಾಮ್ಸರ್ ತಾಣವೆಂಬ ಮನ್ನಣೆಯೂ ದೊರೆಯಿತು.

ನಮ್ಮ ಮಾರ್ಗದರ್ಶಕನ ಗಡಿಯಾರ ಕಡಲೇ. ನಾಳೆ ಇದೇ ಹೊತ್ತಿಗೆ ಬಂದರೆ ಇದೇ ನೋಟ ಸಿಕ್ಕೀತೆ ಎಂದು ಕೇಳಿದಾಗ, "ಸುಮಾರು 50 ನಿಮಿಷ ತಡವಾಗಿ ಬನ್ನಿ, ಚಂದ್ರನೂ ಅಷ್ಟು ತಡವಾಗಿಯೇ ಬರುತ್ತಾನೆ" ಎಂದ. ಇಳಿತದ ವೇಳೆ. ನೀರು ಸರಿದಲ್ಲೆಲ್ಲ ಕೆಸರಿನ ಬಯಲು ತೆರೆದುಕೊಂಡಿತ್ತು, ಆ ಬಯಲ ತುಂಬ ಪಂಕ್ತಿ ಕುಳಿತಿತ್ತು. ಎಂಥ ವ್ಯವಸ್ಥೆ! ಕತ್ತಿಯಂತೆ ಬಾಗಿದ ಉದ್ದ ಕೊಕ್ಕಿನ ಕರ್ಲ್ಯೂ ಕೆಸರಿನ ಆಳಕ್ಕೆ ಕೈಹಾಕುತ್ತದೆ. ಕೊಕ್ಕಿನ ತುದಿ ಕಣ್ಣಿಲ್ಲದೆಯೇ ಹುಳುವನ್ನು ತಡವಿ ಅರಿಯಬಲ್ಲದು. ಅದರ ದಾಯಾದಿ ವ್ಹಿಂಬ್ರೆಲ್‌ಗೆ ಏಡಿಯೆಂದರೆ ಪ್ರಾಣ. ಗಿಡ್ಡ ಕೊಕ್ಕಿನ ಪ್ಲೋವರುಗಳು ದೊಡ್ಡ ಕಣ್ಣುಗಳನ್ನು ನಂಬಿ, ನಾಲ್ಕು ಹೆಜ್ಜೆ ಓಡಿ, ಥಟ್ಟನೆ ನಿಂತು, ಮೇಲೆ ಕಂಡುದನ್ನು ಹೆಕ್ಕುತ್ತವೆ. ಒಬ್ಬರ ಎಲೆಗೆ ಇನ್ನೊಬ್ಬರು ಕೈಚಾಚುವ ಪ್ರಸಂಗವೇ ಕಡಮೆ. ಅತ್ತ ಬಳಚು ಆಯುತ್ತಿದ್ದ ಹೆಂಗಸರು ಬುಟ್ಟಿಯೊಡನೆ ಅವುಗಳ ನಡುವೆಯೇ ಬಾಗಿ ನಡೆಯುತ್ತಿದ್ದರು. ಅವರಿಗೆ ಹೆದರದ ಹಕ್ಕಿಗಳು ನಮ್ಮ ಬಣ್ಣದ ಅಂಗಿಗಳನ್ನು ಕಂಡೊಡನೆ ಕತ್ತೆತ್ತಿದವು.

ಈ ಜಿಲ್ಲೆಯ ಹಕ್ಕಿಗಳನ್ನು ಕುರಿತು ಜೇಮ್ಸ್ ಡೇವಿಡ್‌ಸನ್ ಎಂಬ ಆಂಗ್ಲ ಅಧಿಕಾರಿ 1898ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಬರೆದಿದ್ದ. ಆ ಕಾಲದಲ್ಲಿ ಗುರುತು ಹಿಡಿಯಲು ಕೋವಿಯೇ ದುರ್ಬೀನು. ನಾವು ಸುಧಾರಿಸಿದ್ದೇವೆ ಎಂದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಉಬ್ಬರವೇರಿ ಊಟದ ಮನೆ ಮುಳುಗಿತು. ಹಕ್ಕಿಗಳೆಲ್ಲ ಒಂದು ಮರಳುದಿಬ್ಬದ ಮೇಲೆ ಒತ್ತೊತ್ತಾಗಿ, ಒಂಟಿಗಾಲಲ್ಲಿ ನಿದ್ರೆಗಿಳಿದವು. ನಮ್ಮ ಜೊತೆಯ ಮಹನೀಯರೊಬ್ಬರಲ್ಲಿ ಮೊಳದುದ್ದದ ಮಸೂರದ ಕ್ಯಾಮೆರಾ ಇತ್ತು. "ಸ್ವಲ್ಪ ಹತ್ತಿರ ಬಿಡಪ್ಪ" ಎಂದರು ದೋಣಿಯವನಿಗೆ, "ಒಂದು ಚಪ್ಪಾಳೆ ತಟ್ಟಿದರೆ ಎಲ್ಲವೂ ಏಳುತ್ತವೆ, ಚಿತ್ರ ಸೊಗಸಾಗಿ ಬರುತ್ತದೆ." ದೋಣಿಯವನ ಕೈ ಆಗಲೇ ಎಂಜಿನ್ನಿನ ಮೇಲಿತ್ತು.

"ಬೇಡಿ" ಎಂದ ತರುಣ.

ಹಣ ಕೊಟ್ಟಿಲ್ಲವೇ ಎಂದರು ಮಹನೀಯರು.

"ಕೊಟ್ಟದ್ದು ನನಗೆ ಸ್ವಾಮಿ, ಹಕ್ಕಿಗಲ್ಲ."

ಕಾರಣವನ್ನೂ ವಿನಯದಿಂದಲೇ ಹೇಳಿದ. ಇನ್ನೆರಡು ತಿಂಗಳಿಗೆ ಈ ಅತಿಥಿಗಳಲ್ಲಿ ಕೆಲವು ಟಿಬೆಟಿನ ಪ್ರಸ್ಥಭೂಮಿಗೆ, ಕೆಲವು ಸೈಬೀರಿಯಕ್ಕೆ ಮರಳಬೇಕು. ಅಲ್ಲಿ ಗೂಡು, ಅಲ್ಲಿ ಮರಿ. ದಾರಿಯ ಬುತ್ತಿಯೆಂದರೆ ಮೈಯಲ್ಲಿ ಕೂಡಿಸಿಟ್ಟ ಕೊಬ್ಬು. ಇವುಗಳ ಬಂಧು ಗಾಡ್‌ವಿಟ್ ಒಂದು 2022ರಲ್ಲಿ ಅಲಾಸ್ಕದಿಂದ ಟಾಸ್ಮೇನಿಯಾಕ್ಕೆ 11 ದಿನ ಎಲ್ಲಿಯೂ ಇಳಿಯದೆ 13,560 ಕಿಲೋಮೀಟರು ಹಾರಿತು. ಹೊರಡುವ ಮುನ್ನ ಆ ಜಾತಿಯವು ಭಾರ ತಗ್ಗಿಸಲು ಕರುಳನ್ನೂ ಕುಗ್ಗಿಸಿಕೊಳ್ಳುತ್ತವೆ. ಉಬ್ಬರದ ನಾಲ್ಕು ಗಳಿಗೆ ಮಾತ್ರ ಇವಕ್ಕೆ ವಿಶ್ರಾಂತಿ. ಪ್ರತಿ ಚಪ್ಪಾಳೆಗೂ ಬುತ್ತಿಯಿಂದ ಒಂದು ತುತ್ತು ಖರ್ಚು.

ಹಿಂದಿರುಗುವಾಗ ಅವನು ನನ್ನೊಬ್ಬನಿಗೇ ಹೇಳಿದ: ಹತ್ತಿರ ಒಯ್ಯುವವರು ಬೇರೆ ಇದ್ದಾರೆ, ಹೀಗೆ ಬೇಡವೆಂದು ಈ ಚಳಿಗಾಲದಲ್ಲಿ ಎರಡು ತಂಡಗಳನ್ನು ಕಳೆದುಕೊಂಡಿದ್ದಾನಂತೆ. ಹಕ್ಕಿಯ ಹೆಸರು ಹೇಳುವುದಕ್ಕೆ ಪುಸ್ತಕವುಂಟು. ನನ್ನನ್ನು ಕೇಳಿದರೆ, ಇಂಥವನಿಗೆ ಕೂಲಿ ಸಲ್ಲಬೇಕಾದುದು ಆ "ಬೇಡಿ" ಎಂಬ ಒಂದು ಮಾತಿಗೆ.

ದಡ ಮುಟ್ಟುವಷ್ಟರಲ್ಲಿ ಎಲ್ಲಿಂದಲೋ ಒಂದು ಕಡಲ ಹದ್ದು ದಿಬ್ಬದ ಮೇಲೆ ಸುಳಿಯಿತು. ಸಾವಿರ ರೆಕ್ಕೆಗಳು ಒಮ್ಮೆಗೇ ಎದ್ದು, ಹೊರಳಿ, ಬಿಸಿಲಿಗೆ ಬೆಳ್ಳಗೆ ಮಿಂಚಿ, ಮತ್ತೆ ಕಪ್ಪಾದವು. ಮಹನೀಯರ ಕ್ಯಾಮೆರಾ ಆಗ ಚೀಲದಲ್ಲಿತ್ತು.