ಕಲೆಯೂ ಕೂಳೂ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಮ್ಮ ಹಿರಿಯರು ಒಣ ಆಡಂಬರವನ್ನು ಹಳಿಯಲು ಕಟ್ಟಿದರು. ಈಚೆಗೆ ಅದನ್ನು ಚಿತ್ರ ಬರೆಯುವ, ಗೊಂಬೆ ಕಡೆಯುವ, ಕಸೂತಿ ಹಾಕುವ ಮಕ್ಕಳ ಮೇಲೆ ಪ್ರಯೋಗಿಸುವುದನ್ನು ಕೇಳುತ್ತಿದ್ದೇನೆ. ಕೈಯಲ್ಲಿ ಗೆರೆಯ ಹದವುಳ್ಳ ವಿದ್ಯಾರ್ಥಿಗಳು ಪ್ರತಿವರ್ಷವೂ ಪದವಿಯ ಕೊನೆಯಲ್ಲಿ ನನ್ನಲ್ಲಿಗೆ ಬರುತ್ತಾರೆ. ಅವರ ಹಿಂದೆಯೇ ಅವರ ತಂದೆತಾಯಿಗಳೂ ಬರುತ್ತಾರೆ. ‘ಇದರಿಂದ ಅನ್ನ ಹುಟ್ಟೀತೆ, ಮೇಷ್ಟ್ರೆ?’ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಒರಟಾಗಿರಬಹುದು, ಅನ್ಯಾಯವಾದುದಲ್ಲ. ಸಾಲ ಮಾಡಿ ಓದಿಸಿದವರಿಗೆ ಅದನ್ನು ಕೇಳುವ ಅಧಿಕಾರವುಂಟು.

ಇದಕ್ಕೆ ನಮ್ಮಲ್ಲಿ ಎರಡು ಉತ್ತರಗಳು ರೂಢಿಯಲ್ಲಿವೆ. ಕುಂಚವನ್ನು ಕಟ್ಟಿಟ್ಟು ಉದ್ಯೋಗ ಹಿಡಿ ಎಂಬುದು ಒಂದು. ನಿಜವಾದ ಕಲಾವಿದನು ಹಸಿವಿಗೆ ಅಂಜನು ಎಂಬುದು ಇನ್ನೊಂದು. ಸಾಹಿತ್ಯದ ವಿಷಯದಲ್ಲಿ ನಾವು ಹೀಗೆ ವಾದಿಸಿದವರಲ್ಲ. ಮಾಸ್ತಿಯವರು ಸರಕಾರಿ ಅಧಿಕಾರಿಗಳಾಗಿದ್ದರು; ಬೇಂದ್ರೆಯವರು ಅಧ್ಯಾಪಕರಾಗಿದ್ದರು; ನಂದಳಿಕೆಯ ಮುದ್ದಣನು ಶಾಲೆಯ ಮಕ್ಕಳಿಗೆ ವ್ಯಾಯಾಮ ಕಲಿಸುತ್ತಿದ್ದನು. ಸಂಬಳ ಪಡೆದುದರಿಂದ ಅವರ ಬರಹ ಕೀಳಾಯಿತೆಂದು ಯಾರೂ ಹೇಳಲಿಲ್ಲ. ಚಿತ್ರಕಾರನಿಗೆ ಮಾತ್ರ ಬೇರೊಂದು ಅಳತೆಗೋಲೇಕೆ? ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ತಾವು ಕಲಿತ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿಯೇ ಕೆಲಕಾಲ ಅಧ್ಯಾಪಕರಾಗಿದ್ದರು. ಮೈಸೂರಿನ ಆರ್.ಕೆ. ಲಕ್ಷ್ಮಣರು ವಿದ್ಯಾರ್ಥಿದೆಸೆಯಲ್ಲಿ ಅಣ್ಣ ನಾರಾಯಣರ ಕಥೆಗಳಿಗೆ ಚಿತ್ರ ಬರೆದರು. ಮುಂದೆ ದಿನಪತ್ರಿಕೆಯೊಂದರ ನೌಕರಿಯಲ್ಲಿದ್ದು ಸುಮಾರು ಅರ್ಧ ಶತಮಾನ ವ್ಯಂಗ್ಯಚಿತ್ರ ಬರೆದರು. ದಿನದಿನದ ಗಡುವಿನಲ್ಲಿಯೇ ಅವರ ಗೆರೆ ಹರಿತವಾಯಿತು.

ನೌಕರಿಯ ಆಸರೆಯಿಲ್ಲದೆ ಕೈಕೆಲಸವನ್ನೇ ನಂಬಿದವರ ಲೆಕ್ಕ ಇನ್ನೂ ಬಿಗಿಯಾದುದು. ಚನ್ನಪಟ್ಟಣದ ಗೊಂಬೆಯನ್ನು ನೋಡಿ. ಆಲೆಮರವನ್ನು ಚೆನ್ನಾಗಿ ಒಣಗಿಸಬೇಕು. ಲೇತಿನ ಮೇಲೆ ಕಡೆಯಬೇಕು. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜುವಿಕೆಯ ಬಿಸಿಗೆ ಅದು ಕರಗಿ ಹಿಡಿಯುವಂತೆ ಮಾಡಬೇಕು. ಬಳಿಕ ತಾಳೆಗರಿಯಿಂದ ತಿಕ್ಕಿ ಹೊಳಪು ಬರಿಸಬೇಕು. ಕೊಳ್ಳುವವನಿಗೆ ಕಾಣುವುದು ಅಂಗೈಯಗಲದ ಆಟಿಕೆ. ಒಣಗುತ್ತಿರುವ ಮರದಲ್ಲಿ ಸಿಕ್ಕಿಬಿದ್ದ ಹಣ, ಸೀಳಿಹೋದ ತುಂಡು, ಉಳಿಯ ಸವೆತ, ಕಲಿಕೆಯ ವರ್ಷಗಳು ಇವೆಲ್ಲ ಬೆಲೆಯಲ್ಲಿ ಸೇರದಿದ್ದರೆ ಕುಶಲಕರ್ಮಿಯು ಪ್ರತಿಯೊಂದು ಗೊಂಬೆಯ ಜೊತೆಗೆ ತನ್ನ ಬಂಡವಾಳವನ್ನೂ ಮಾರುತ್ತಿರುತ್ತಾನೆ. 1999ರ ಭೌಗೋಳಿಕ ಸೂಚಿಗಳ ಕಾಯಿದೆಯಿಂದ ಚನ್ನಪಟ್ಟಣದ ಹೆಸರಿಗೆ ರಕ್ಷಣೆ ದೊರೆತಿದೆ. 2023ರಲ್ಲಿ ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯು ಗೊಂಬೆ ಮಾಡುವವರೂ ಸೇರಿದಂತೆ 18 ಕಸುಬುಗಳವರಿಗೆ 3 ಲಕ್ಷ ರೂಪಾಯಿಗಳವರೆಗೆ ಶೇಕಡಾ 5ರ ಬಡ್ಡಿಯಲ್ಲಿ ಸಾಲವನ್ನು ಗೊತ್ತುಮಾಡಿತು. ಒಳ್ಳೆಯದೇ. ಆದರೆ ಸಾಲವು ಆದಾಯವಲ್ಲ. ಮಾಡಿದ ವಸ್ತುವಿಗೆ ತಕ್ಕ ಬೆಲೆ ಬಂದಾಗ ಮಾತ್ರ ಅದು ತೀರೀತು.

ಪುಸ್ತಕಕ್ಕೆ, ಪತ್ರಿಕೆಗೆ ಚಿತ್ರ ಬರೆಯುವವನು ಬೆಲೆಯ ಜೊತೆಗೆ ಹಕ್ಕನ್ನೂ ಎಣಿಸಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಹಕ್ಕಿನ ವರ್ಗಾವಣೆಯು ಬರಹದಲ್ಲಿದ್ದು ಸಹಿಯಾಗಿರಬೇಕು. ಅವಧಿಯನ್ನು ಹೇಳದಿದ್ದರೆ ಅದು ಐದು ವರ್ಷಗಳದೆಂದು ಭಾವಿಸಬೇಕು. ಅದೇ ಕಾಯಿದೆಯಂತೆ, ಹಣ ಕೊಟ್ಟು ಬರೆಸಿಕೊಂಡ ವರ್ಣಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಬರೆಸಿಕೊಂಡವನಿಗೇ ಸೇರುತ್ತದೆ. ಒಂದು ಹಾಳೆಯ ಕರಾರಿಗೆ ಎಷ್ಟು ಬೆಲೆಯೆಂಬುದು ಇದರಿಂದಲೇ ತಿಳಿಯುತ್ತದೆ.

ಆದರೆ ಕರಾರು ಕೇಳುವ ಹುಡುಗನಿಗೆ ಸಾಹಿತ್ಯದ ಮನೆಯವರಾದ ನಾವು ಏನು ಹೇಳುತ್ತೇವೆ? ಪುಸ್ತಕದ ಬಿಡುಗಡೆಗೆ ಸಭಾಂಗಣದ ಬಾಡಿಗೆ, ಹಾರ, ಶಾಲು, ಉಪಾಹಾರ ಎಲ್ಲಕ್ಕೂ ಹಣವುಂಟು; ಮುಖಪುಟ ಬರೆದವನಿಗೆ ಮಾತ್ರ ‘ನಿನ್ನ ಹೆಸರು ಅಚ್ಚಾಗುತ್ತದಲ್ಲ, ಪ್ರೀತಿಯಿಂದ ಬರೆದುಕೊಡಪ್ಪ’ ಎಂಬ ಮಾತು. ಪ್ರೀತಿಯಿಂದ ಕಾಗದ ಕೊಡಿರೆಂದು ನಾವು ಯಾವ ವ್ಯಾಪಾರಿಯನ್ನೂ ಕೇಳುವುದಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು ಕವನಸಂಕಲನವೊಂದಕ್ಕೆ ಹನ್ನೆರಡು ರೇಖಾಚಿತ್ರಗಳನ್ನು ಬರೆದುಕೊಟ್ಟು, ಸಂಭಾವನೆಯೆಂದು ಅದೇ ಪುಸ್ತಕದ ಎರಡು ಪ್ರತಿಗಳನ್ನು ಪಡೆದಳು. ಈಗ ಅವಳು ಬ್ಯಾಂಕಿನ ಪರೀಕ್ಷೆಗೆ ಓದುತ್ತಿದ್ದಾಳೆ. ಚಿತ್ರದ ಮಾತೆತ್ತಿದರೆ ನಕ್ಕು ಸುಮ್ಮನಾಗುತ್ತಾಳೆ. ಯಂತ್ರವೇ ಕ್ಷಣಾರ್ಧದಲ್ಲಿ ಚಿತ್ರ ಒದಗಿಸುವ ಈ ದಿನಗಳಲ್ಲಿ ನಮ್ಮ ಔದಾಸೀನ್ಯಕ್ಕೆ ಇನ್ನೊಂದು ನೆಪವೂ ಸಿಕ್ಕಿದೆ.

ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ. ಆರು ತಿಂಗಳ ಖರ್ಚಿಗಾಗುವಷ್ಟು ಹಣ ಕೂಡುವವರೆಗೆ ಉದ್ಯೋಗವನ್ನು ಬಿಡಬೇಡಿ. ಉದ್ಯೋಗ ದೊರೆಯಿತೆಂದು ಕುಂಚವನ್ನೂ ಬಿಡಬೇಡಿ. ಬೆಳಗಿನ ಒಂದು ಗಂಟೆ ನಿಮ್ಮದೇ ಗೆರೆಗೆ ಮೀಸಲಾಗಿರಲಿ. ಶಾಲೆಯ ಚಿತ್ರಪಾಠ, ಪಠ್ಯಪುಸ್ತಕದ ಚಿತ್ರ, ಗಿರಾಕಿ ಹೇಳಿ ಮಾಡಿಸುವ ಕೆಲಸ ಯಾವುದನ್ನೂ ಕೀಳೆಂದು ಬಗೆಯಬೇಡಿ. ಪ್ರತಿಯೊಂದರ ಲೆಕ್ಕವನ್ನೂ ಬರೆದಿಡಿ. ತಂದೆತಾಯಿಗಳು ಒಂದೆರಡು ವರ್ಷ ತಾಳ್ಮೆಯಿಂದ ಕಾಯಲಿ. ಪ್ರಕಾಶಕರೂ ಸಂಘಸಂಸ್ಥೆಗಳೂ ತಮ್ಮ ಖರ್ಚಿನ ಪಟ್ಟಿಯಲ್ಲಿ ಕಾಗದ, ಮುದ್ರಣಗಳ ಕೆಳಗೆ ಚಿತ್ರಕಾರನ ಸಂಭಾವನೆಗೂ ಒಂದು ಸಾಲನ್ನು ಮೊದಲೇ ಬರೆಯಲಿ. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯ ಲೆಕ್ಕದಲ್ಲಿ ಈ ವರ್ಷ ಆ ಸಾಲನ್ನು ಸೇರಿಸಿದ್ದೇವೆ. ಮೊತ್ತ ದೊಡ್ಡದಲ್ಲ. ಉಳಿದವರೂ ಸೇರಿಸಿದರೆ, ಅನ್ನ ಹುಟ್ಟೀತೆ ಎಂದು ಕೇಳುವ ಹಿರಿಯರಿಗೆ ಹೇಳಲು ನಮ್ಮಲ್ಲಿಯೂ ಒಂದು ಉತ್ತರವಿದ್ದೀತು.