ಪಟಕ್ಕೆ ನಿಂತವರಿಗೂ ಕೂಲಿ ಸಲ್ಲಬೇಕು

ಕ್ಯಾಮರಾದ ಮುಂದೆ ನಿಲ್ಲುವುದೂ ದುಡಿಮೆಯೇ. ದುಡಿಮೆಯಾದ ಮೇಲೆ ಅದಕ್ಕೆ ಕೂಲಿ ಸಲ್ಲಬೇಕು. ಈ ಸಣ್ಣ ಮಾತನ್ನು ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಮನೆಗಳ ವಿಷಯದಲ್ಲಿ ಯಾರೂ ಆಡದಿರುವುದರಿಂದ ಇಲ್ಲಿ ಆಡಬೇಕಾಗಿದೆ.

ಆ ಮನೆಗಳನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ತಗ್ಗಾದ ಮಾಡು, ಒಂದೋ ಎರಡೋ ಕಿಟಕಿ, ಒಲೆಯ ಮೇಲೆ ಕುದಿಯುವ ನೀರು, ನೀರಿನಲ್ಲಿ ಗೂಡು. ಗೂಡಿನ ಎಳೆಯನ್ನು ಹಿಡಿದಿಟ್ಟಿರುವ ಅಂಟು ಬಿಸಿನೀರಿನಲ್ಲಲ್ಲದೆ ಸಡಿಲುವುದಿಲ್ಲ. ಆದಕಾರಣ ಆವಿಯಿಲ್ಲದೆ ರೇಷ್ಮೆಯಿಲ್ಲ. ಬೆಂದ ಹುಳುವಿನ ನಾತ, ಒಲೆಯ ಹೊಗೆ, ಮೈಯ ಬೆವರು ಎಲ್ಲವೂ ಅಲ್ಲಿ ಒಟ್ಟಿಗೇ ಇರುತ್ತವೆ. ಇಡೀ ದಿನ ಬಿಸಿನೀರಿನಲ್ಲಿ ಆಡುವ ಬೆರಳುಗಳ ತೊಗಲು ಸುಲಿಯುತ್ತದೆ. ವರ್ಷಗಟ್ಟಲೆ ಆ ಗಾಳಿಯನ್ನು ಉಸಿರಾಡಿದವರಿಗೆ ಉಬ್ಬಸ ಹೊಸ ಮಾತಲ್ಲ.

ಇಂಥ ಜಾಗ ಕ್ಯಾಮರಾದ ಕಣ್ಣಿಗೆ ಬಹು ಚೆಲುವಾಗಿ ಕಾಣುತ್ತದೆ. ಕಾರಣ ಸರಳವಾದದ್ದು. ಹಿಂದಿನ ಸಣ್ಣ ಕಿಟಕಿಯಿಂದ ಬಂದ ಬಿಸಿಲು ಆವಿಯ ಹನಿಗಳ ಮೇಲೆ ಬಿದ್ದಾಗ ಬೆಳಕಿನ ಕೋಲೇ ಎದ್ದು ಕಾಣುತ್ತದೆ. ಅದರ ನಡುವೆ ಬಾಗಿ ಕುಳಿತ ಹೆಂಗಸಿನ ಆಕಾರ ಚಿತ್ರದಂತೆ ಮೂಡುತ್ತದೆ. ನಾಲ್ಕು ಕಿಟಕಿ ಇಟ್ಟು, ಆವಿ ಹೊರಗೆ ಹೋಗಲು ದಾರಿ ಮಾಡಿದರೆ ಆ ಕೋಲೂ ಇಲ್ಲ, ಆ ಚಿತ್ರವೂ ಇಲ್ಲ. ಪಟಕ್ಕೆ ಯಾವುದು ಬೇಕೋ ಅದೇ ಕೆಲಸಗಾರರ ಎದೆಗೆ ಬೇಡವಾದದ್ದು. ಈ ವಿರೋಧವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಮಾತನ್ನು ಓದಬೇಕು.

ಕ್ಯಾಮರಾದವರು ಬರುತ್ತಾರೆ. ಬಹುಮಟ್ಟಿಗೆ ಒಳ್ಳೆಯವರೇ. ಮಾಲಿಕರನ್ನು ಕೇಳಿ ಒಳಗೆ ಬರುತ್ತಾರೆ. ಬೇಸಿನ್ನಿನ ಮುಂದೆ ಕುಳಿತವರನ್ನು ಕೇಳಬೇಕೆಂಬುದು ಅವರಿಗೆ ಹೊಳೆಯುವುದಿಲ್ಲ. ಹೊರಗಿನ ತಂಪಿನಿಂದ ತಂದ ಕ್ಯಾಮರಾದ ಗಾಜಿನ ಮೇಲೆ ಆವಿ ಕಟ್ಟಿಕೊಳ್ಳುತ್ತದೆ. ಗಾಜು ಬೆಚ್ಚಗಾಗುವವರೆಗೆ ಕಾಯಬೇಕು, ಒರೆಸಬೇಕು, ಮತ್ತೆ ನೋಡಬೇಕು. ಇಕ್ಕಟ್ಟಿನಲ್ಲಿ ಹಿಂದೆ ಸರಿಯಲು ಜಾಗವಿಲ್ಲದೆ ಅವರು ಮುಂದಿರುವವರನ್ನೇ ಸರಿಸುತ್ತಾರೆ. “ಅಮ್ಮಾ, ಸ್ವಲ್ಪ ಇತ್ತ ನೋಡಿ”, “ಆ ಎಳೆಯನ್ನು ಇನ್ನೊಂದು ಸಲ ಎತ್ತಿ” ಎನ್ನುತ್ತಾರೆ. ಅಷ್ಟರಲ್ಲಿ ನೀರಿನಲ್ಲಿದ್ದ ಗೂಡು ಹದ ಮೀರಿ ಬೇಯುತ್ತದೆ, ಎಳೆ ಕಡಿಯುತ್ತದೆ, ಸಮಯಕ್ಕೆ ಹೊಸ ಎಳೆ ಕೂಡಿಸದಿದ್ದರೆ ನೂಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಒಂದು ಕಿಲೋ ನೂಲಿಗೆ ಮಿಶ್ರತಳಿಯ ಗೂಡು ಏಳೆಂಟು ಕಿಲೋ ಬೇಕು. ಕೆಟ್ಟ ನೂಲಿನ ನಷ್ಟ ಸಣ್ಣ ರೀಲರಿನ ಪಾಲಿಗೆ. ಅದರ ಬೈಗುಳ ಕೂಲಿಯ ಹೆಂಗಸಿನ ಪಾಲಿಗೆ. ಪಟ ಮಾತ್ರ ಕ್ಯಾಮರಾದವರ ಪಾಲಿಗೆ.

ಇದನ್ನು ಬೇರೆ ಕಡೆಯ ರೂಢಿಯೊಡನೆ ಹೋಲಿಸಿ ನೋಡೋಣ. ಚಿತ್ರಕಲಾ ಶಾಲೆಗಳಲ್ಲಿ ವಿದ್ಯಾರ್ಥಿಗಳ ಮುಂದೆ ಮಾದರಿಯಾಗಿ ಗಂಟೆಗಟ್ಟಲೆ ಕದಲದೆ ಕೂರುವವರಿಗೆ ಕೂಲಿ ಉಂಟು. ಅದು ಸಾಕಷ್ಟಿಲ್ಲದಿರಬಹುದು, ಆದರೆ ಕೊಡಬೇಕೆಂಬುದರಲ್ಲಿ ತಕರಾರಿಲ್ಲ. ಪ್ಯಾರಿಸ್ ನಗರದ ಚಿತ್ರಶಾಲೆಗಳಲ್ಲಿ ತರಗತಿಯ ಕೊನೆಗೆ ಕಾಗದದ ಪೊಟ್ಟಣವೊಂದನ್ನು ಸುತ್ತಲೂ ಹಾಯಿಸಿ ಮಾದರಿಗಳಿಗೆ ಚಿಲ್ಲರೆ ಕೂಡಿಸುವ ಹಳೆಯ ಪದ್ಧತಿಯಿತ್ತು. ನಗರಾಡಳಿತ ಅದನ್ನು ನಿಷೇಧಿಸಿದಾಗ, 2008ರ ಡಿಸೆಂಬರಿನ ಚಳಿಯಲ್ಲಿ ಆ ಮಾದರಿಗಳು ಬಟ್ಟೆ ಕಳಚಿ ಬೀದಿಯಲ್ಲಿ ನಿಂತು ಪ್ರತಿಭಟಿಸಿದರು. ಅವರು ಕೇಳಿದ್ದು ಮರ್ಯಾದೆಯ ಸಂಬಳ. ಇನ್ನು ನಮ್ಮಲ್ಲೇ ನೋಡಿ: ರೇಷ್ಮೆ ಸೀರೆಯುಟ್ಟು ಸ್ಟುಡಿಯೋದ ದೀಪಗಳ ಮುಂದೆ ನಿಲ್ಲುವ ರೂಪದರ್ಶಿಗೆ ಸಂಭಾವನೆ ಇದೆ, ಇರಲೇಬೇಕು. ಆ ಸೀರೆಯ ನೂಲನ್ನು ಆವಿಯಲ್ಲಿ ಬಿಚ್ಚಿದವಳು ಅದೇ ಕ್ಯಾಮರಾದ ಮುಂದೆ ನಿಂತರೆ ಅವಳಿಗೆ ಒಂದು ನಗೆ, ಒಂದು ನಮಸ್ಕಾರ. ಈ ಭೇದಕ್ಕೆ ನ್ಯಾಯವಾದ ಕಾರಣವನ್ನು ಯಾರಾದರೂ ಹೇಳಲಿ.

ಪಟ ತೆಗೆಯುವುದೇ ತಪ್ಪೆಂದು ನಮ್ಮ ವಾದವಲ್ಲ. ಮೈಸೂರಿನ ಟಿ. ಎಸ್. ಸತ್ಯನ್ ಅವರು ಜನಸಾಮಾನ್ಯರ ಬದುಕನ್ನೇ ತಮ್ಮ ಕ್ಯಾಮರಾದ ವಸ್ತುವಾಗಿಸಿಕೊಂಡು 1977ರಲ್ಲಿ ಪದ್ಮಶ್ರೀ ಪಡೆದರು. ಅಮೆರಿಕದ ಲೂಯಿಸ್ ಹೈನ್ 1908ರಿಂದ ಅಲ್ಲಿನ ಹತ್ತಿ ಗಿರಣಿಗಳ, ಗಣಿಗಳ ಒಳಹೊಕ್ಕು ಬಾಲ ಕಾರ್ಮಿಕರ ಪಟ ತೆಗೆದ. ಗಿರಣಿಯವರು ಒಳಗೆ ಬಿಡದಿದ್ದಾಗ ವೇಷ ಮರೆಸಿಕೊಂಡು ಹೋದ. ಮಕ್ಕಳ ಎತ್ತರವನ್ನು ತನ್ನ ಕೋಟಿನ ಗುಂಡಿಗಳಿಂದ ಅಳೆದುಕೊಂಡ. ಹೆಸರು, ವಯಸ್ಸು, ಕೆಲಸದ ಗಂಟೆ, ಕೂಲಿ ಇವುಗಳನ್ನು ಕೇಳಿ ಬರೆದುಕೊಂಡ. ಆ ಪಟಗಳು ಜನಾಭಿಪ್ರಾಯವನ್ನು ಕಲಕಿದವು; 1938ರಲ್ಲಿ ಬಾಲ ದುಡಿಮೆಗೆ ಕಡಿವಾಣ ಹಾಕುವ ರಾಷ್ಟ್ರೀಯ ಕಾನೂನು ಅಲ್ಲಿ ಬಂದದ್ದರ ಹಿಂದೆ ಅವುಗಳ ಪಾತ್ರವೂ ಇದೆ. ಬರೇ ಮುಖದ ಪಟಕ್ಕೆ ಆ ಬಲ ಬರುತ್ತಿರಲಿಲ್ಲ. ಪಟದ ಕೆಳಗೆ ಕೂಲಿಯ ಲೆಕ್ಕ ಇದ್ದುದರಿಂದ ಆ ಬಲ ಬಂತು.

ಲೆಕ್ಕವಿಲ್ಲದ ಪಟಕ್ಕೆ ಇನ್ನೊಂದು ಉದಾಹರಣೆ ಅದೇ ದೇಶದಲ್ಲಿದೆ. 1936ರಲ್ಲಿ ಸರ್ಕಾರದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ಬಟಾಣಿ ಹೊಲದ ಬಳಿ ಒಬ್ಬ ಕೂಲಿ ಹೆಂಗಸಿನ ಪಟ ತೆಗೆದಳು. ‘ವಲಸೆ ತಾಯಿ’ ಎಂದು ಅದು ಜಗತ್ಪ್ರಸಿದ್ಧವಾಯಿತು; 1998ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಲ್ಯಾಂಗ್ ಅಂದು ಆ ಹೆಂಗಸಿನ ಹೆಸರನ್ನೇ ಕೇಳಿರಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ. ಆ ಪಟದಿಂದ ತನಗೆ ಒಂದು ಕಾಸೂ ಬರಲಿಲ್ಲವೆಂದು ಆಕೆ ನೊಂದುಕೊಂಡಳು. 1983ರಲ್ಲಿ ಆಕೆ ಕಾಯಿಲೆ ಬಿದ್ದಾಗ ಚಿಕಿತ್ಸೆಗೆ ಜನರ ಚಂದಾ ಬೇಕಾಯಿತು. ಪಟ ನೋಡಿದ ಜನರೇ ಚಂದಾ ಕೊಟ್ಟರೆಂಬುದು ಸಂತೋಷದ ಸಂಗತಿ. ಆದರೆ ನಲವತ್ತೇಳು ವರ್ಷಗಳ ಮೇಲೆ ಬಂದ ಧರ್ಮ ಕೂಲಿಯಾಗಲಾರದು.

ಕಾನೂನು ಏನು ಹೇಳುತ್ತದೆ? 1957ರ ನಮ್ಮ ಕೃತಿಸ್ವಾಮ್ಯ ಕಾಯಿದೆ ಪಟದ ಒಡೆತನವನ್ನು ಸಾಮಾನ್ಯವಾಗಿ ತೆಗೆದವರಿಗೆ, ಹಣ ಕೊಟ್ಟು ತೆಗೆಸಿದ್ದಾದರೆ ತೆಗೆಸಿದವರಿಗೆ ಕೊಡುತ್ತದೆ. ಪಟದೊಳಗಿರುವವರಿಗೆ ಅದರಲ್ಲಿ ಪಾಲಿಲ್ಲ. ಇತ್ತ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದರು. ಆ ತೀರ್ಪು ಮುಖ್ಯವಾಗಿ ಸರ್ಕಾರದ ಕೈಗೆ ಕಟ್ಟು ಹಾಕಿದ್ದು ನಿಜ. ಆದರೂ ತನ್ನ ಮುಖ ತನ್ನದೆಂಬ ಮಾತು ಕೂಲಿಯ ಹೆಂಗಸಿಗೂ ಅನ್ವಯಿಸತಕ್ಕದ್ದಲ್ಲವೆ? ಮಾಲಿಕರು ತಮ್ಮ ಬಾಗಿಲು ತೆರೆಯಬಹುದು, ಕೆಲಸದವಳ ಮುಖವನ್ನು ಎರವಲು ಕೊಡಲಾರರು.

“ಎರಡು ನಿಮಿಷದ ಕೆಲಸಕ್ಕೆ ಎಂಥ ಕೂಲಿ?” ಎಂದು ಕೇಳುವವರಿದ್ದಾರೆ. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರಗಳಲ್ಲಿ ಸ್ಟುಡಿಯೋ ಇಟ್ಟುಕೊಂಡು ಜೀವನ ಮಾಡುವ ನಮ್ಮ ವಾಚಕರು ಇದಕ್ಕೆ ಉತ್ತರ ಹೇಳಲಿ. ಪಾಸ್‌ಪೋರ್ಟ್ ಅಳತೆಯ ಪಟ ತೆಗೆಯುವುದೂ ಎರಡೇ ನಿಮಿಷ. ಅದನ್ನು ಧರ್ಮಕ್ಕೆ ತೆಗೆದುಕೊಡಿ ಎಂದು ಯಾರಾದರೂ ಕೇಳಿದರೆ ಅವರು ಒಪ್ಪುವರೆ? ಕ್ಯಾಮರಾದ ಹಿಂದಿನ ಎರಡು ನಿಮಿಷಕ್ಕೆ ಬೆಲೆಯಿದ್ದರೆ ಮುಂದಿನ ಎರಡು ನಿಮಿಷಕ್ಕೂ ಇದೆ. “ಹಣ ಕೇಳಿದರೆ ಬರುವವರೂ ಬಾರರು, ನಮ್ಮ ರೇಷ್ಮೆಗೆ ಪ್ರಚಾರ ತಪ್ಪುತ್ತದೆ” ಎನ್ನುವ ವರ್ತಕರೂ ಇದ್ದಾರೆ. ಪ್ರಚಾರದಿಂದ ಲಾಭವಾಗುವುದಾದರೆ ಆ ಲಾಭದಲ್ಲಿ ಒಂದು ಪಾಲು ಆ ಮುಖಕ್ಕೂ ಸಲ್ಲಲಿ. ಲಾಭವಿಲ್ಲವಾದರೆ ಬಾರದಿದ್ದವರ ಚಿಂತೆ ನಮಗೇಕೆ?

ಗಿರಣಿ ಕೆಲಸಗಾರರು ಇದು ರೇಷ್ಮೆಯವರ ಸಂಗತಿ ಎಂದು ಸುಮ್ಮನಿರಬಾರದು. ಕಂಪನಿಯ ಪುಸ್ತಿಕೆಗಾಗಿ ನಿಮ್ಮನ್ನು ಯಂತ್ರದ ಪಕ್ಕ ನಿಲ್ಲಿಸುವ ದಿನ ಮಾತ್ರ ಹೊಸ ಮುಖಗವಸು ಕೈಗೆ ಬಂದರೆ, ಮರುದಿನವೂ ಅದನ್ನು ಕೇಳಿ. ಪಟದಲ್ಲಿ ಇದ್ದದ್ದು ಕೆಲಸದಲ್ಲಿಯೂ ಇರತಕ್ಕದ್ದು.

ಮಾಡಬೇಕಾದದ್ದು ಕಷ್ಟದ್ದಲ್ಲ. ರೀಲರುಗಳೂ ಕೆಲಸಗಾರರೂ ಕೂಡಿ ನಾಲ್ಕು ನಿಯಮಗಳನ್ನು ಗೊತ್ತುಮಾಡಿ ಬಾಗಿಲಲ್ಲಿ ಬರೆದು ಹಾಕಲಿ. ಒಂದು: ಮಾಲಿಕರನ್ನಲ್ಲದೆ, ಪಟದಲ್ಲಿ ಬರುವವರನ್ನೂ ಮೊದಲು ಕೇಳಬೇಕು; ಬೇಡವೆಂದರೆ ಬೇಡವೇ. ಎರಡು: ಕೆಲಸ ನಿಂತ ಹೊತ್ತಿಗೆ, ಕೆಟ್ಟ ಗೂಡಿಗೆ ಹಣ ಕೊಡಬೇಕು, ಹೊರಗಿನಿಂದ ರೂಪದರ್ಶಿಗಳನ್ನು ಕರೆತಂದು ಶೆಡ್ಡಿನಲ್ಲಿ ಪಟ ತೆಗೆಯುವುದಾದರೆ ಬಾಡಿಗೆಯಲ್ಲಿ ಕೆಲಸಗಾರರಿಗೂ ಪಾಲಿರಬೇಕು, ಆ ಸೆಕೆಯಲ್ಲಿ ನಿಲ್ಲುವ ರೂಪದರ್ಶಿಗೂ ನೀರು, ಗಾಳಿ, ವಿರಾಮ ಸಿಗಬೇಕು. ಮೂರು: ಆವಿ ಚೆನ್ನಾಗಿ ಕಾಣಲೆಂದು ಕಿಟಕಿ ಮುಚ್ಚಬಾರದು, ಫ್ಯಾನು ನಿಲ್ಲಿಸಬಾರದು. ನಾಲ್ಕು: ಪಟದ ಒಂದು ಪ್ರತಿ ಪಟದಲ್ಲಿರುವವರಿಗೆ ತಲುಪಬೇಕು, ಎಲ್ಲಿ ಅಚ್ಚಾದರೂ ಅವರು ಒಪ್ಪಿದರೆ ಹೆಸರೂ, ದಿನದ ಕೂಲಿಯೂ ಅದರ ಕೆಳಗೆ ಬರಬೇಕು.

ಈ ಕಡೆಯ ನಿಯಮಕ್ಕೇ ಹೆಚ್ಚಿನ ವಿರೋಧ ಬಂದೀತು. ಪಟ ಎಲ್ಲರಿಗೂ ಬೇಕು. ಅದರ ಕೆಳಗೆ ಕೂಲಿಯ ಅಂಕೆ ಕಂಡರೆ ಕೆಲವರಿಗೆ ಚೆಲುವು ಕೆಡುತ್ತದೆ. ಕೂಲಿಯನ್ನು ಮರ್ಯಾದೆಯ ಮಟ್ಟಕ್ಕೆ ಏರಿಸಿದರೆ ಚೆಲುವು ಕೆಡುವ ಭಯವೂ ತಾನಾಗಿ ಹೋಗುತ್ತದೆ.